ಬ್ರೆಡ್‌ಬೋರ್ಡ್ ಮೇಲೆ ಹಳೇ ಕಾಲದ ಸ್ಯಾಂಪ್ಲರ್: 8 ಬಿಟ್, 32 ಕಿಲೋಬೈಟ್, ಒಂದೇ ದನಿ

ಬೆಸುಗೆಯಿಲ್ಲದೆ ತಂತಿ ಚುಚ್ಚಿ ಕಟ್ಟಿದ ಈ ಸ್ಯಾಂಪ್ಲರಿನಲ್ಲಿ (ಸದ್ದು ಹಿಡಿದು ಬೇಕಾದ ಸ್ವರದಲ್ಲಿ ನುಡಿಸುವ ಯಂತ್ರ) ಮೈಕ್ರೋಕಂಟ್ರೋಲರ್ ಇಲ್ಲ, ಒಂದು ಸಾಲಿನ ಪ್ರೋಗ್ರಾಮೂ ಇಲ್ಲ. ಮೈಕಿಗೆ ಬಿದ್ದ ಸದ್ದು ಅಂಕಿಗಳಾಗಿ ಮೆಮೊರಿ ಸೇರುತ್ತದೆ. 13 ಗುಂಡಿಗಳಲ್ಲಿ ಯಾವುದನ್ನು ಒತ್ತಿದರೆ ಆ ಸ್ವರದಲ್ಲಿ ಹೊರಗೆ ಬರುತ್ತದೆ. 1979ರಲ್ಲಿ ಸಿಡ್ನಿಯಲ್ಲಿ ಪೀಟರ್ ವೋಗಲ್ ಮತ್ತು ಕಿಮ್ ರೈರಿ ಹೊರತಂದ ಫೇರ್‌ಲೈಟ್ ಸಿಎಂಐ ಯಂತ್ರದ ಒಂದೊಂದು ದನಿಯ ಕಾರ್ಡೂ ಮೂಲದಲ್ಲಿ ಮಾಡುತ್ತಿದ್ದುದು ಇದನ್ನೇ. ಕಾರ್ಡಿಗೆ 16 ಕಿಲೋಬೈಟ್ ಮೆಮೊರಿ, ಅದನ್ನು ಓದಿಸುವ ಕ್ಲಾಕ್ (ಸಮ ಅಂತರದ ಮಿಡಿತ ಕೊಡುವ ಸರ್ಕ್ಯೂಟ್). ಕ್ಲಾಕ್ ಜೋರಾದರೆ ಸ್ವರ ಮೇಲೆ, ನಿಧಾನವಾದರೆ ಕೆಳಗೆ. ಅಂಥ 8 ಕಾರ್ಡು ಸೇರಿ ಒಂದು ಯಂತ್ರ, ಬೆಲೆ ಹತ್ತಾರು ಸಾವಿರ ಡಾಲರ್. ಇಲ್ಲಿ ಕಟ್ಟಿರುವುದು ಒಂದು ಕಾರ್ಡಿನಷ್ಟು ಕೆಲಸ, ಮೆಮೊರಿ ಅದರ ಎರಡರಷ್ಟು.

ಕಂಪ್ಯೂಟರಿನಲ್ಲಿ ಇದೇ ಸದ್ದನ್ನು ಅನುಕರಿಸುವ ಪ್ಲಗಿನ್‌ಗಳು ಬೇಕಾದಷ್ಟಿವೆ. ಆದರೂ ಕೈಯಲ್ಲಿ ಕಟ್ಟುವುದಕ್ಕೆ ಬಲವಾದ ಕಾರಣವಿದೆ. ಬಿಟ್ ಎಷ್ಟು, ಕ್ಲಾಕ್ ಎಷ್ಟು, ಮೆಮೊರಿ ಎಷ್ಟು ಉದ್ದ, ಫಿಲ್ಟರ್ ಎಲ್ಲಿ ಕತ್ತರಿಸುತ್ತದೆ ಎಂಬ ನಾಲ್ಕು ಮಿತಿಗಳೇ ಆ ಕಾಲದ ಸಂಗೀತದ ಬಣ್ಣವನ್ನು ತೀರ್ಮಾನಿಸಿದವು. ಬ್ರೆಡ್‌ಬೋರ್ಡಿನಲ್ಲಿ ಪ್ರತಿ ಮಿತಿಗೂ ಒಂದು ತಂತಿ ಇದೆ. ಒಂದೊಂದನ್ನೇ ಕಿತ್ತು ಏನಾಗುತ್ತದೆಂದು ಕೇಳಬಹುದು.

ಸಾಮಾನು ಮತ್ತು ಖರ್ಚು

ಎಲ್ಲವೂ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವಂಥದ್ದೇ. ವೋಲ್ಟೇಜನ್ನು ಅಂಕಿ ಮಾಡುವ ಎಡಿಸಿ0804 ಒಂದು (200 ರೂ.), 62256 ಸ್ಟ್ಯಾಟಿಕ್ ರ‍್ಯಾಮ್ ಒಂದು (130), 74ಎಚ್‌ಸಿ4040 ಕೌಂಟರ್ ಎರಡು (60), 74ಎಚ್‌ಸಿ14 ಇನ್ವರ್ಟರ್ (0-1 ಅದಲುಬದಲು ಮಾಡುವ ಚಿಪ್) ಎರಡು (40), 74ಎಚ್‌ಸಿ00 ಲಾಜಿಕ್ ಗೇಟ್ ಒಂದು (20), 74ಎಚ್‌ಸಿ574 ಲ್ಯಾಚ್ (ಅಂಕಿ ಹಿಡಿದಿಡುವ ಚಿಪ್) ಒಂದು (35), 74ಎಚ್‌ಸಿ688 (ಎರಡು ಅಂಕಿ ಹೋಲಿಸುವ ಚಿಪ್) ಒಂದು (60), ಎಂಸಿಪಿ6002 ಆಪ್‌ಆಂಪ್ ಮೂರು (120), ಸಿಡಿ4066 ಎಲೆಕ್ಟ್ರಾನಿಕ್ ಸ್ವಿಚ್ ಒಂದು (20), ಟಿಎಲ್‌ಸಿ555 ಟೈಮರ್ ಒಂದು (45), ತಿರುಗಿಸಿ ಹೊಂದಿಸುವ ರೆಸಿಸ್ಟರ್ ಆದ ಮಲ್ಟಿಟರ್ನ್ ಪ್ರೀಸೆಟ್ 13 (195), ಒತ್ತುಗುಂಡಿ 13 (65), 8 ದಾರಿಯ ಡಿಪ್ ಸ್ವಿಚ್ (25), 830 ತೂತಿನ ಬ್ರೆಡ್‌ಬೋರ್ಡ್ ನಾಲ್ಕು (360). ಮೈಕ್, 7805, ಸ್ಲೈಡ್ ಸ್ವಿಚ್, ರೆಸಿಸ್ಟರ್, ಕೆಪ್ಯಾಸಿಟರ್, ತಂತಿಗೆ 200. ನಾನು ಕೊಂಡಾಗ ಒಟ್ಟು 1575 ರೂಪಾಯಿ ಆಯಿತು.

ಉಪಕರಣವಾಗಿ ಫ್ರೀಕ್ವೆನ್ಸಿ ಅಳೆಯುವ, 4000 ಎಣಿಕೆಯ ಮಲ್ಟಿಮೀಟರ್ ಸಾಕು. ಅಲೆಯನ್ನು ತೆರೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಇದ್ದರೆ 6ನೇ ಹಂತ ಬೇಗ ಮುಗಿಯುತ್ತದೆ. ಪವರಿಗೆ 9 ವೋಲ್ಟಿನ ಅಡಾಪ್ಟರ್ ಹಾಕಿ 7805ರಿಂದ 5 ವೋಲ್ಟ್ ತೆಗೆಯಬೇಕು. ಫೋನ್ ಚಾರ್ಜರ್ ಬೇಡ, ಅದರ ಸ್ವಿಚಿಂಗ್ ಗದ್ದಲ ನೇರವಾಗಿ ಮೈಕಿನ ಹಂತಕ್ಕೆ ನುಗ್ಗುತ್ತದೆ. ಪ್ರತಿ ಚಿಪ್ಪಿನ ಪವರ್ ಕಾಲಿನ ಪಕ್ಕದಲ್ಲೇ 100 ನ್ಯಾನೋಫ್ಯಾರಡ್ ಕೂರಬೇಕು. ಒಂದು ಕಡೆ ಬಿಟ್ಟರೂ ಆಮೇಲೆ ಎಲ್ಲೋ ಒಂದು ಕಡೆ ಕಾರಣ ಸಿಗದ ಟಿಕ್ ಟಿಕ್ ಕೇಳುತ್ತದೆ.

ಹಂತ 1: ಸದ್ದು ಹೊರಬರುವ ತುದಿಯಿಂದ ಶುರು

ಕೊನೆಯ ತುದಿ ಮೊದಲು ಕಟ್ಟಿದರೆ ಉಳಿದದ್ದನ್ನೆಲ್ಲ ಕಿವಿಯಿಂದಲೇ ಪರೀಕ್ಷಿಸಬಹುದು. 574 ಲ್ಯಾಚಿನ 8 ಔಟ್‌ಪುಟ್‌ಗಳಿಗೆ ಅಂಕಿಯನ್ನು ಮತ್ತೆ ವೋಲ್ಟೇಜ್ ಮಾಡುವ ಆರ್-2ಆರ್ ರೆಸಿಸ್ಟರ್ ಏಣಿ. ಆರ್ ಎಂದರೆ 10ಕೆ (ಕಿಲೋಓಮ್). 2ಆರ್ ಎಂದರೆ ಎರಡು 10ಕೆ ಸರಣಿಯಲ್ಲಿ. ಒಟ್ಟು 25 ರೆಸಿಸ್ಟರ್, ಎಲ್ಲವೂ ಒಂದೇ ಪಟ್ಟಿಯಿಂದ ಕತ್ತರಿಸಿದ 1 ಶೇಕಡಾ ಮೆಟಲ್ ಫಿಲ್ಮ್. 20ಕೆಯ ಪ್ರತ್ಯೇಕ ರೆಸಿಸ್ಟರ್ ಕೊಂಡರೆ ಎರಡು ಬೇರೆ ಬೇರೆ ತಯಾರಿಕೆಯ ಮಾಲು ಬೆರೆತು ಅನುಪಾತ ಕೆಡುತ್ತದೆ.

ಪರೀಕ್ಷೆ ಹೀಗೆ: ಡಿಪ್ ಸ್ವಿಚ್ಚಿನಿಂದ 127 ಕೊಟ್ಟು ವೋಲ್ಟೇಜ್ ಬರೆದುಕೊಳ್ಳಿ, 128 ಕೊಟ್ಟು ಮತ್ತೆ ಬರೆದುಕೊಳ್ಳಿ. ವ್ಯತ್ಯಾಸ 5 ವೋಲ್ಟಿನ 256ನೇ ಒಂದು ಭಾಗ, ಅಂದರೆ 19.5 ಮಿಲಿವೋಲ್ಟ್ ಇರಬೇಕು. 5 ಶೇಕಡಾ ಕಾರ್ಬನ್ ರೆಸಿಸ್ಟರ್ ಹಾಕಿದಾಗ ಇಲ್ಲಿ 50 ಬಂತು. ಅದು ಸಣ್ಣ ವಿಷಯವಲ್ಲ. ಮೌನದಲ್ಲಿ ಸಿಗ್ನಲ್ ನಿಲ್ಲುವುದು 2.5 ವೋಲ್ಟಿನಲ್ಲಿ, ಅಂದರೆ ಸರಿಯಾಗಿ ಈ 127-128ರ ಗಡಿಯಲ್ಲಿ. ಮೆಲುದನಿಯೆಲ್ಲ ಈ ಒಂದು ಕೆಟ್ಟ ಮೆಟ್ಟಿಲನ್ನೇ ಹತ್ತಿ ಇಳಿದು ಕರಕರ ಎನ್ನುತ್ತದೆ. ಅತಿ ದೊಡ್ಡ ಬಿಟ್ಟಿನ 2ಆರ್ ಜೋಡಿಯನ್ನು ಮೀಟರ್ ಹಿಡಿದು 10 ಓಮ್ ಒಳಗೆ ಹೊಂದಿಸಿದ ಮೇಲೆ ವ್ಯತ್ಯಾಸ 20ಕ್ಕೆ ಬಂತು. ಉಳಿದ ಬಿಟ್‌ಗಳಿಗೆ ಇಷ್ಟು ಮುತುವರ್ಜಿ ಬೇಕಿಲ್ಲ.

ಹಂತ 2: ಕ್ಲಾಕ್ ಮತ್ತು ಗುಂಡಿಗಳು

ಟಿಎಲ್‌ಸಿ555ರ 3ನೇ ಕಾಲಿನಿಂದ ರೆಸಿಸ್ಟರ್ ಮೂಲಕ 2 ಮತ್ತು 6ನೇ ಕಾಲುಗಳಿಗೆ, ಅಲ್ಲಿಂದ 1 ನ್ಯಾನೋಫ್ಯಾರಡ್ ನೆಲಕ್ಕೆ. ಒಂದು ಸುತ್ತಿಗೆ ಹಿಡಿಯುವ ಸಮಯ 1.386 × ಆರ್ × ಸಿ. ಅತಿ ಕೆಳಗಿನ ಸ್ವರಕ್ಕೆ 10,000 ಹರ್ಟ್ಸ್, ಅಷ್ಟಮಕ್ಕೆ (ಅದೇ ಸ್ವರದ ಮೇಲಿನ ಸ್ಥಾಯಿಗೆ) 20,000. ಲೆಕ್ಕ ಹಾಕಿದರೆ ಮೇಲಿನ ತುದಿಗೆ 36.07ಕೆ, ಕೆಳಗಿನ ತುದಿಗೆ 72.1ಕೆ. ನಡುವಿನ 12 ತುಂಡುಗಳು ಮೇಲಿನಿಂದ ಕೆಳಕ್ಕೆ 2.145, 2.272, 2.407, 2.551, 2.702, 2.863, 3.033, 3.214, 3.405, 3.607, 3.822, 4.049 ಕಿಲೋಓಮ್. ಪ್ರತಿಯೊಂದಕ್ಕೂ 5ಕೆ ಪ್ರೀಸೆಟ್. ಮೇಲಿನ ತುದಿಯ 36.07ಕೆಗೆ 33ಕೆ ಜೊತೆ 10ಕೆ ಪ್ರೀಸೆಟ್, ಕೆಪ್ಯಾಸಿಟರ್ 5 ಶೇಕಡಾ ಆಚೀಚೆ ಇದ್ದರೂ ಹೊಂದಿಸಿಕೊಳ್ಳಬಹುದು.

ಶ್ರುತಿ ಮಾಡುವಾಗ ಕ್ರಮ ಮುಖ್ಯ. ಮೇಲಿನ ಸ್ವರದಿಂದ ಕೆಳಕ್ಕೆ ಬನ್ನಿ: 20000, 18877, 17818, 16818, 15874, 14983, 14142, 13348, 12599, 11892, 11225, 10595, 10000. ಕೆಳಗಿನ ಸ್ವರಕ್ಕೆ ಮೇಲಿನ ತುಂಡುಗಳೆಲ್ಲ ಸೇರಿರುವುದರಿಂದ, ನಡುವಿನದೊಂದನ್ನು ಆಮೇಲೆ ತಿರುಗಿಸಿದರೆ ಅದರ ಕೆಳಗಿನ ಸ್ವರಗಳೆಲ್ಲ ಕೆಡುತ್ತವೆ. ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಮೇಲಿನ ಸ್ವರ ಗೆಲ್ಲುತ್ತದೆ.

ಇಲ್ಲಿ ಕೈಕೊಟ್ಟದ್ದು ಎರಡು. ಮಾಮೂಲಿ ಎನ್‌ಇ555 ಹಾಕಿದಾಗ ಲೆಕ್ಕಕ್ಕೂ ಅಳತೆಗೂ ತಾಳೆಯಾಗಲಿಲ್ಲ. ಅದರ ಔಟ್‌ಪುಟ್ 5 ವೋಲ್ಟ್ ಮುಟ್ಟುವುದೇ ಇಲ್ಲ, ಹಾಗಾಗಿ ಈ ಜೋಡಣೆಯಲ್ಲಿ ಚಾರ್ಜ್ ಆಗುವ ಸಮಯ ಹಿಗ್ಗುತ್ತದೆ; ಜೊತೆಗೆ ಪ್ರತಿ ತಿರುವಿನಲ್ಲೂ ಪವರ್ ತಂತಿಯಲ್ಲಿ ಕರೆಂಟಿನ ಮೊನೆ ಏಳುತ್ತದೆ. ಇನ್ನೊಂದು, ಅಗ್ಗದ ಸೆರಾಮಿಕ್ ಕೆಪ್ಯಾಸಿಟರ್. ಬೆಳಿಗ್ಗೆ ಮಾಡಿದ ಶ್ರುತಿ ಮಧ್ಯಾಹ್ನದ ಬಿಸಿಲಿಗೆ ನಿಲ್ಲುವುದಿಲ್ಲ. ಪಾಲಿಸ್ಟೈರೀನ್ ಅಥವಾ ಎನ್‌ಪಿಓ ದರ್ಜೆಯದನ್ನೇ ಕೇಳಿ ತರಬೇಕು.

ಹದಿಮೂರು ಸ್ಥಿರ ಸ್ವರಗಳಲ್ಲಿ ಜಾರು ಬಾರದು. ಜಾರಿಸಲು ಈ ಪ್ರೀಸೆಟ್ ಸಾಲಿಗೆ ಸರಣಿಯಾಗಿ 5ಕೆ ಪಾಟ್ (ಗುಬ್ಬಿ ತಿರುಗಿಸುವ ರೆಸಿಸ್ಟರ್) ಹಾಕಿದರೆ ಮೇಲಿನ ಸ್ವರ ಎರಡು ಸೆಮಿಟೋನಿಗಿಂತ (ಸೆಮಿಟೋನ್ ಎಂದರೆ ಪಕ್ಕಪಕ್ಕದ ಗುಂಡಿಗಳ ಅಂತರ) ಹೆಚ್ಚು ಬಾಗುತ್ತದೆ, ಕೆಳಗಿನದು ಒಂದು ಚಿಲ್ಲರೆ ಮಾತ್ರ. ಪಾಟನ್ನು 5 ವೋಲ್ಟಿಗೂ ನೆಲಕ್ಕೂ ನಡುವೆ ಕಟ್ಟಿ, ಮಧ್ಯದ ಕಾಲನ್ನು 10ಕೆ ಮೂಲಕ 555ರ 5ನೇ ಕಾಲಿಗೆ ಕೊಟ್ಟರೆ ಎಲ್ಲ ಸ್ವರವೂ ಸಮನಾಗಿ ಬಾಗುತ್ತದೆ.

ಹಂತ 3: ಕೌಂಟರ್, ಮೆಮೊರಿ

ಮೊದಲ 4040ರ 12 ಔಟ್‌ಪುಟ್ ರ‍್ಯಾಮಿನ ಅಡ್ರೆಸ್ ಕಾಲುಗಳಾದ ಎ0ದಿಂದ ಎ11ಕ್ಕೆ. ಅದರ 12ನೇ ಔಟ್‌ಪುಟ್ಟೇ ಎರಡನೆಯ 4040ಕ್ಕೆ ಕ್ಲಾಕ್. ಅದರ ಮೊದಲ ಮೂರು ಎ12ರಿಂದ ಎ14ಕ್ಕೆ. ನಾಲ್ಕನೆಯದು ‘ಮೆಮೊರಿ ಮುಗಿಯಿತು’ ಎನ್ನುವ ಸಂಕೇತ. ಅದರ ಕೆಲಸ 7ನೇ ಹಂತದಲ್ಲಿ.

ತಂತಿ ಹಾಕುವಾಗ ಒಂದು ದೊಡ್ಡ ಅನುಕೂಲ ಇದೆ. ರ‍್ಯಾಮಿನ ಅಡ್ರೆಸ್ ಕಾಲುಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೂ ನಡೆಯುತ್ತದೆ. ಬರೆಯುವಾಗಲೂ ಓದುವಾಗಲೂ ಅದೇ ಕ್ರಮ ತಾನೆ. ಡೇಟಾ ಕಾಲುಗಳೂ ಅಷ್ಟೇ, ಎಡಿಸಿಯ ದೊಡ್ಡ ಬಿಟ್ ಕೊನೆಗೆ ಲ್ಯಾಚಿನ ದೊಡ್ಡ ಬಿಟ್ಟಿಗೇ ತಲುಪಿದರೆ ಸಾಕು. ಹತ್ತಿರದ ಕಾಲಿಗೆ ಹತ್ತಿರದ ತಂತಿ ಎಂದು ಹಾಕಿದರೆ ಬೋರ್ಡ್ ಮೇಲಿನ ಗೋಜಲು ಅರ್ಧ ಇಳಿಯುತ್ತದೆ. ಎಡಿಸಿ0804ರಲ್ಲಿ ಮಾತ್ರ ಎಚ್ಚರ: ದೊಡ್ಡ ಬಿಟ್ 11ನೇ ಕಾಲಿನಲ್ಲಿ, ಸಣ್ಣದು 18ರಲ್ಲಿ.

ರ‍್ಯಾಮ್ ಹಾಕುವ ಮೊದಲು ಕೌಂಟರಿನ ಕೆಳಗಿನ 8 ಬಿಟ್‌ಗಳನ್ನು ನೇರ ಲ್ಯಾಚಿಗೆ ಕೊಟ್ಟು ಕೇಳಿ. 10,000 ಹರ್ಟ್ಸ್ ಕ್ಲಾಕಿಗೆ 39 ಹರ್ಟ್ಸಿನ ಗರಗಸದ ಅಲೆ ಬರಬೇಕು, ಗುಂಡಿ ಬದಲಿಸಿದಂತೆ ಸ್ವರ ಬದಲಾಗಬೇಕು. ಬಂದರೆ ಹೊರಹೋಗುವ ದಾರಿ ಪೂರ್ತಿ ಸರಿ ಇದೆ.

ಹಂತ 4: ಮೈಕ್, ಫಿಲ್ಟರ್

ಎಲೆಕ್ಟ್ರೆಟ್ ಮೈಕ್, 100 ಪಟ್ಟು ಹಿಗ್ಗಿಸುವ ಪ್ರೀಆಂಪ್ (1ಕೆ ಮತ್ತು 100ಕೆ), ನಡುಬಿಂದು 2.5 ವೋಲ್ಟ್. ಎಲ್ಲರ ಬಳಿಯೂ ಇರುವ ಎಲ್‌ಎಂ358 ಇಲ್ಲಿ ಆಗುವುದಿಲ್ಲ. 5 ವೋಲ್ಟ್ ಪವರಿನಲ್ಲಿ ಅದರ ಔಟ್‌ಪುಟ್ 3.5 ವೋಲ್ಟ್ ಸುಮಾರಿಗೆ ನಿಂತುಬಿಡುತ್ತದೆ. ಅಲೆಯ ಮೇಲ್ಭಾಗ ಕತ್ತರಿಸಿ ಹೋಗಿ ಕೆಳಭಾಗ ಮಾತ್ರ ಸರಿಯಿರುತ್ತದೆ. ಎಂಸಿಪಿ6002 ಎರಡೂ ತುದಿ ಮುಟ್ಟುತ್ತದೆ.

ಮೇಲಿನ ಸದ್ದನ್ನು ತಡೆಯುವ ಫಿಲ್ಟರಿಗೆ ಸ್ಯಾಲೆನ್-ಕೀ ಎಂಬ ಜೋಡಣೆ: ಎರಡು 10ಕೆ, 6.8 ಮತ್ತು 3.3 ನ್ಯಾನೋಫ್ಯಾರಡ್. ಕತ್ತರಿಸುವ ಜಾಗ 3.36 ಕಿಲೋಹರ್ಟ್ಸ್. ಒಂದೇ ಹಂತ ಹಾಕಿದಾಗ 7 ಕಿಲೋಹರ್ಟ್ಸಿನಲ್ಲಿ ತಗ್ಗುವುದು 13 ಡೆಸಿಬೆಲ್ ಮಾತ್ರ, ‘ಸ’, ‘ಶ’ ಅಕ್ಷರಗಳೆಲ್ಲ ಸಿಳ್ಳೆಯಾಗಿ ಕೆಳಗಿನ ಸ್ವರಕ್ಕೆ ಮಡಚಿ ಬಂದವು. ಇನ್ನೊಂದು ಹಂತ ಸೇರಿಸಿ 26 ಡೆಸಿಬೆಲ್ ಮಾಡಿದ ಮೇಲೆ ಮಾತು ತಿಳಿಯಾಯಿತು, ಆದರೆ ಮಂಕೂ ಆಯಿತು. 1985ರ ಪುಟ್ಟ ಸ್ಯಾಂಪ್ಲಿಂಗ್ ಕೀಬೋರ್ಡ್ ಕ್ಯಾಸಿಯೋ ಎಸ್‌ಕೆ-1 ಕೇಳಿದವರಿಗೆ ಈ ಮಂಕು ಗೊತ್ತು. ಅದರ ಸ್ಯಾಂಪ್ಲಿಂಗ್ ವೇಗ 9.38 ಕಿಲೋಹರ್ಟ್ಸ್, ಹಿಡಿಯುತ್ತಿದ್ದುದು 1.4 ಸೆಕೆಂಡ್.

ಹಂತ 5: ಎಡಿಸಿ. ಅತಿ ಹೆಚ್ಚು ಹೊತ್ತು ತಿಂದ ಹಂತ

ಎಡಿಸಿ0804ರ 4 ಮತ್ತು 19ನೇ ಕಾಲುಗಳಿಗೆ 10ಕೆ ಮತ್ತು 150 ಪಿಕೋಫ್ಯಾರಡ್ ಹಾಕುವುದು ಎಲ್ಲ ಕಡೆ ಕಾಣುವ ಜೋಡಣೆ. ಅದನ್ನೇ ಹಾಕಿ 10,000 ಹರ್ಟ್ಸಿನಲ್ಲಿ ಓಡಿಸಿದರೆ ಔಟ್‌ಪುಟ್ ಅಲ್ಲಾಡುವುದೇ ಇಲ್ಲ, ಒಂದೇ ಅಂಕಿ ಹಿಡಿದು ಕೂರುತ್ತದೆ. ಚಿಪ್ ಸತ್ತಿದೆ ಎನಿಸುತ್ತದೆ. ಬದಲಿಸಿ ನೋಡಿದರೂ ಹಾಗೇ. ಕಾರಣ ಲೆಕ್ಕದಲ್ಲಿದೆ. ಆ ಬೆಲೆಗಳಿಗೆ ಅದರ ಒಳಗಿನ ಕ್ಲಾಕ್ 606 ಕಿಲೋಹರ್ಟ್ಸ್. ಒಂದು ಪರಿವರ್ತನೆಗೆ ಶುರುವಿನ ಕಾಯುವಿಕೆ ಸೇರಿ 81 ಸುತ್ತು ಬೇಕಾಗಬಹುದು, ಅಂದರೆ 134 ಮೈಕ್ರೋಸೆಕೆಂಡ್. ನಾವು 100ಕ್ಕೊಮ್ಮೆ ಹೊಸದಾಗಿ ಶುರು ಮಾಡಿಸುತ್ತಿದ್ದೇವೆ. ಕೆಲಸದ ನಡುವೆ ರೈಟ್ (ಪರಿವರ್ತನೆ ಶುರು ಮಾಡಿಸುವ) ಕಾಲು ಕೆಳಗಿಳಿದರೆ ಈ ಚಿಪ್ ಅರ್ಧ ಮಾಡಿದ್ದನ್ನು ಬಿಟ್ಟು ಮೊದಲಿನಿಂದ ಶುರು ಮಾಡುತ್ತದೆ. ಔಟ್‌ಪುಟ್‌ನಲ್ಲಿ ಹಳೆಯ ಅಂಕಿಯೇ ಉಳಿಯುತ್ತದೆ.

150 ತೆಗೆದು 68 ಪಿಕೋಫ್ಯಾರಡ್ ಹಾಕಿದರೆ ಲೆಕ್ಕಕ್ಕೆ 1.34 ಮೆಗಾಹರ್ಟ್ಸ್, ಬ್ರೆಡ್‌ಬೋರ್ಡಿನ ಸ್ವಂತ ಕೆಪ್ಯಾಸಿಟೆನ್ಸ್ ಸೇರಿ ಅಳತೆಗೆ 1.2ರ ಹತ್ತಿರ ಬರುತ್ತದೆ. ಚಿಪ್ಪಿನ ಮಿತಿ 1.46, ಅದರ ಒಳಗೇ ಇದ್ದೇವೆ. ಪರಿವರ್ತನೆ 68 ಮೈಕ್ರೋಸೆಕೆಂಡಿಗೆ ಇಳಿಯಿತು.

ಈಗ ಸದ್ದು ಬಂತು, ಆದರೆ ಒರಟು. ಗಂಟೆಯ ಸದ್ದು ತಗಡು ಬಡಿದಂತೆ. ಎಡಿಸಿ0804ರ ಒಳಗೆ ಅಳೆದು ಮುಗಿಯುವವರೆಗೆ ವೋಲ್ಟೇಜನ್ನು ಹಿಡಿದಿಡುವ ಸ್ಯಾಂಪಲ್-ಹೋಲ್ಡ್ ಇಲ್ಲ. ಅದು ಒಂದೊಂದೇ ಬಿಟ್ ತೂಗಿ ನೋಡುತ್ತಿರುವಾಗ ಇನ್‌ಪುಟ್ ಓಡುತ್ತಲೇ ಇರುತ್ತದೆ. ಪೂರ್ಣ ಎತ್ತರದ 1 ಕಿಲೋಹರ್ಟ್ಸ್ ಅಲೆ 60 ಮೈಕ್ರೋಸೆಕೆಂಡಿನಲ್ಲಿ 0.94 ವೋಲ್ಟ್ ಸರಿಯಬಹುದು. ಅಂದರೆ 48 ಮೆಟ್ಟಿಲು. 8 ಬಿಟ್ಟಿನ ಯಂತ್ರ ಎಂದುಕೊಂಡದ್ದು ಅಲ್ಲಿ ಮೂರು ಬಿಟ್ಟಿಗಿಂತಲೂ ಕೆಳಗೆ ಇಳಿದಿತ್ತು.

ಪರಿಹಾರ 4066ರ ಒಂದು ಸ್ವಿಚ್, 1 ನ್ಯಾನೋಫ್ಯಾರಡ್ ಪಾಲಿಸ್ಟೈರೀನ್, ಹಿಂದೆ ಎಂಸಿಪಿ6002 ಬಫರ್. ಇಲ್ಲಿ ಒಂದು ಸೊಗಸಾದ ಹೊಂದಾಣಿಕೆ ಸಿಗುತ್ತದೆ. ಸ್ವಿಚ್ ಆನ್ ಮಾಡಲು ಮಾಡಿದ 10 ಮೈಕ್ರೋಸೆಕೆಂಡಿನ ಪಲ್ಸನ್ನೇ ತಲೆಕೆಳಗು ಮಾಡಿ ಎಡಿಸಿಯ ರೈಟ್ ಕಾಲಿಗೂ ಕೊಡಬಹುದು. ಪಲ್ಸ್ ಮುಗಿದ ಕ್ಷಣದಲ್ಲಿ ಸ್ವಿಚ್ ಆಫ್ ಆಗಿ ಕೆಪ್ಯಾಸಿಟರ್ ವೋಲ್ಟೇಜ್ ಹಿಡಿಯುತ್ತದೆ, ಅದೇ ಕ್ಷಣದಲ್ಲಿ ಪರಿವರ್ತನೆಯೂ ಶುರುವಾಗುತ್ತದೆ. ಬೇರೆ ಪಲ್ಸ್ ಬೇಡ. 10 ಮತ್ತು 68 ಸೇರಿ 78 ಮೈಕ್ರೋಸೆಕೆಂಡ್. 100ರಲ್ಲಿ ಇನ್ನೂ 22 ಉಳಿಯಿತು. ಪಲ್ಸನ್ನು 2 ಮೈಕ್ರೋಸೆಕೆಂಡಿಗೆ ಇಳಿಸಬೇಡಿ. 5 ವೋಲ್ಟಿನಲ್ಲಿ 4066ರ ಒಳರೋಧ 500 ಓಮಿನ ಆಸುಪಾಸು, ಕೆಲವು ಚಿಪ್‌ಗಳಲ್ಲಿ 1ಕೆ. ಕೆಪ್ಯಾಸಿಟರ್ ತುಂಬಲು ಸಮಯ ಬೇಕು.

ಹಂತ 6: ಯಾವಾಗ ಬರೆಯಬೇಕು

4040 ಕ್ಲಾಕಿನ ಇಳಿಯುವ ಅಂಚಿನಲ್ಲಿ ಮುಂದೆ ಸರಿಯುತ್ತದೆ. ಮೊದಲಿಗೆ ರ‍್ಯಾಮಿಗೆ ಬರೆಯುವ ಪಲ್ಸೂ ಅದೇ ಅಂಚಿಗಿತ್ತು, ಕೌಂಟರ್ ಹಳೆಯ ಸಿಡಿ4040. ಫಲ: ರೆಕಾರ್ಡ್ ಮಾಡಿದ್ದರಲ್ಲಿ ಸಮಾನ ಅಂತರದಲ್ಲಿ ಟಕ್ ಟಕ್. ಸಿಡಿ4040ರಲ್ಲಿ ಒಂದು ಬಿಟ್ ಬದಲಾಗಿ ಅದು ಮುಂದಿನದನ್ನು ಬದಲಿಸಬೇಕು. 5 ವೋಲ್ಟಿನಲ್ಲಿ 12 ಬಿಟ್ ದಾಟಲು 1 ಮೈಕ್ರೋಸೆಕೆಂಡಿಗಿಂತ ಹೆಚ್ಚು ಬೇಕು. ಅಷ್ಟರಲ್ಲಿ ಬರೆಯುವ ಪಲ್ಸ್ ಬಂದರೆ ದಾರಿಯಲ್ಲಿ ಸಿಕ್ಕ ತಪ್ಪು ಅಡ್ರೆಸ್‌ಗಳಿಗೆಲ್ಲ ಅಂಕಿ ಬಿದ್ದುಹೋಗುತ್ತದೆ. ಹೆಚ್ಚು ಬಿಟ್ ಒಟ್ಟಿಗೆ ಬದಲಾಗುವ ಕಡೆ ಹಾನಿ ಹೆಚ್ಚು, ಅದಕ್ಕೇ ಅಂತರ ಸಮಾನ.

ಎಚ್‌ಸಿ4040 ಹಾಕಿದರೆ ತೊಂದರೆ ಕಡಿಮೆಯಾಗುತ್ತದೆ, ಹೋಗುವುದಿಲ್ಲ. ನಿಜವಾದ ಪರಿಹಾರ ಬರೆಯುವುದನ್ನು ಏರುವ ಅಂಚಿಗೆ ಸಾಗಿಸುವುದು. ಆಗ ಅಡ್ರೆಸ್ ಬದಲಾಗಿ 50 ಮೈಕ್ರೋಸೆಕೆಂಡ್ ಕಳೆದಿರುತ್ತದೆ, ಹಳೆಯ ಚಿಪ್ಪೂ ಸಾಕು. ಏರುವ ಅಂಚಿನಿಂದ ಎರಡು ಪಲ್ಸ್: 100 ಪಿಕೋಫ್ಯಾರಡ್ ಮತ್ತು 10ಕೆಯಿಂದ 1 ಮೈಕ್ರೋಸೆಕೆಂಡ್, ಇದು ರ‍್ಯಾಮಿನ 27ನೇ (ಬರೆಯುವ) ಕಾಲಿಗೆ. 1 ನ್ಯಾನೋಫ್ಯಾರಡ್ ಮತ್ತು 10ಕೆಯಿಂದ 10 ಮೈಕ್ರೋಸೆಕೆಂಡ್, ಇದು ಸ್ಯಾಂಪಲ್-ಹೋಲ್ಡಿಗೆ. ಎರಡೂ ಎಚ್‌ಸಿ14ರ ಮೂಲಕ. ಇಳಿಯುವ ಅಂಚಿನ ಋಣ ಮೊನೆ ನುಂಗಲು ಪ್ರತಿ 10ಕೆಗೆ ಸಮಾಂತರವಾಗಿ ಒಂದು 1ಎನ್4148 ಡಯೋಡ್.

ರೆಕಾರ್ಡ್ ಸ್ವಿಚ್ ಎರಡು ಪೋಲಿನ ಸ್ಲೈಡ್. ಒಂದು ಪೋಲ್ ಅತಿ ಕೆಳಗಿನ ಗುಂಡಿಯನ್ನು ಒತ್ತಿದಂತೆ ಮಾಡಿ 10,000 ಹರ್ಟ್ಸ್ ಶುರು ಮಾಡುತ್ತದೆ. ಇನ್ನೊಂದು ಎಡಿಸಿಯ ರೀಡ್ ಕಾಲನ್ನು ಇಳಿಸಿ, ಇನ್ವರ್ಟರ್ ಮೂಲಕ ರ‍್ಯಾಮಿನ 22ನೇ ಕಾಲನ್ನು ಏರಿಸಿ ಅದರ ಔಟ್‌ಪುಟ್ ಮುಚ್ಚುತ್ತದೆ. ಇವೆರಡಕ್ಕೂ ಪ್ರತ್ಯೇಕ ಸ್ವಿಚ್ ಇಟ್ಟರೆ ಒಮ್ಮೆಯಾದರೂ ಎರಡೂ ಚಿಪ್ ಒಂದೇ ತಂತಿಯನ್ನು ಎಳೆದಾಡುತ್ತವೆ. ರ‍್ಯಾಮ್ ಬಿಸಿಯಾದರೆ ಮೊದಲು ಇದನ್ನೇ ನೋಡಿ.

ಹಂತ 7: ಶುರು, ನಿಲುಗಡೆ, ಲೂಪ್

ಗುಂಡಿ ಒತ್ತಿದಾಗಲೆಲ್ಲ ಮೊದಲಿನಿಂದ ಓದಬೇಕು. ಕ್ಲಾಕನ್ನು 10 ನ್ಯಾನೋಫ್ಯಾರಡ್, ಎರಡು ಡಯೋಡ್, 100 ನ್ಯಾನೋಫ್ಯಾರಡ್, 100ಕೆ ಮೂಲಕ ಡಿಸಿ ಮಾಡಿ ಎಚ್‌ಸಿ14ಕ್ಕೆ ಕೊಟ್ಟರೆ, ಕ್ಲಾಕ್ ನಿಂತು 10 ಮಿಲಿಸೆಕೆಂಡ್ ಆಸುಪಾಸಿನಲ್ಲಿ ಕೌಂಟರ್ ಸೊನ್ನೆಗೆ ಮರಳುತ್ತದೆ.

ಮೆಮೊರಿ ಮುಗಿದಾಗ ನಿಲ್ಲಿಸಲು ಎರಡನೆಯ 4040ರ ನಾಲ್ಕನೇ ಔಟ್‌ಪುಟ್ಟಿನಿಂದ 555ರ ರೀಸೆಟ್ ಎಳೆದರೆ ಸಾಕು ಎನಿಸುತ್ತದೆ. ಸಾಲದು. ಕ್ಲಾಕ್ ನಿಂತ ಕೂಡಲೇ ಮೇಲಿನ ಪತ್ತೆದಾರ ಸರ್ಕ್ಯೂಟ್ ಕೌಂಟರನ್ನು ಸೊನ್ನೆ ಮಾಡುತ್ತದೆ, ಆ ಔಟ್‌ಪುಟ್ ಇಳಿಯುತ್ತದೆ, 555 ಮತ್ತೆ ಓಡುತ್ತದೆ. ಸದ್ದು ಸಣ್ಣ ಅಂತರ ಬಿಟ್ಟು ಮತ್ತೆ ಮತ್ತೆ ಬರುತ್ತದೆ. 555ನ್ನು ಓಡಲು ಬಿಟ್ಟು, ಕೌಂಟರಿಗೆ ಹೋಗುವ ಕ್ಲಾಕನ್ನು ಮಾತ್ರ ಎಚ್‌ಸಿ00ರಲ್ಲಿ ತಡೆಯಬೇಕು. ಬರೆಯುವ ಪಲ್ಸೂ ಈ ತಡೆದ ಕ್ಲಾಕಿನಿಂದಲೇ ಹುಟ್ಟಬೇಕು, ಇಲ್ಲದಿದ್ದರೆ ರೆಕಾರ್ಡ್ ಮುಗಿದ ಮೇಲೂ ಮೊದಲ ಅಡ್ರೆಸ್ಸಿಗೆ ಬರೆಯುತ್ತಲೇ ಇರುತ್ತದೆ, ಶುರುವಿನಲ್ಲಿ ಟಿಕ್ ಕೇಳುತ್ತದೆ.

ಲೂಪಿಗೆ (ಒಂದೇ ತುಣುಕು ಮತ್ತೆ ಮತ್ತೆ ಸುತ್ತಲು) 688. ಮೇಲಿನ 8 ಅಡ್ರೆಸ್ ಬಿಟ್‌ಗಳನ್ನು ಡಿಪ್ ಸ್ವಿಚ್ಚಿನ ಅಂಕಿಗೆ ಹೋಲಿಸಿ, ಸಮವಾದಾಗ ಕೌಂಟರ್ ರೀಸೆಟ್. ಒಂದು ಮೆಟ್ಟಿಲು 128 ಸ್ಯಾಂಪಲ್, 12.8 ಮಿಲಿಸೆಕೆಂಡ್. ಇಲ್ಲಿಯೂ ಅಡ್ರೆಸ್ ಬದಲಾಗುವ ಕ್ಷಣದಲ್ಲಿ ಸುಳ್ಳು ಹೊಂದಿಕೆ ಬಂದು ಲೂಪ್ ಎಲ್ಲೆಲ್ಲೋ ತುಂಡಾಗುತ್ತಿತ್ತು. 688ರ 1ನೇ ಕಾಲಿಗೆ ತಿರುಗಿಸಿದ ಕ್ಲಾಕ್ ಕೊಟ್ಟು, ಕ್ಲಾಕ್ ಮೇಲಿದ್ದಾಗ ಮಾತ್ರ ಹೋಲಿಸುವಂತೆ ಮಾಡಿದರೆ ಸರಿಹೋಗುತ್ತದೆ. ಇನ್ನೊಂದು ತೊಡಕು: ಮೊದಲ 4040 ರೀಸೆಟ್ ಆದ ಕೂಡಲೇ ಹೊಂದಿಕೆ ತಪ್ಪಿ, ಎರಡನೆಯದು ಕೆಲವೊಮ್ಮೆ ರೀಸೆಟ್ ಆಗದೇ ಉಳಿಯಿತು. 688ರ ಔಟ್‌ಪುಟ್‌ಗೆ ಒಂದು 1ಎನ್4148, 10ಕೆ, 100 ಪಿಕೋಫ್ಯಾರಡ್ ಹಾಕಿ ಪಲ್ಸನ್ನು 1 ಮೈಕ್ರೋಸೆಕೆಂಡಿಗೆ ಹಿಗ್ಗಿಸಿದ ಮೇಲೆ ತಪ್ಪಲಿಲ್ಲ.

ಲೂಪಿನ ಕೀಲಲ್ಲಿ ಕೇಳುವ ಟಕ್ ಹೋಗಲು ಲೂಪಿನ ಉದ್ದದಲ್ಲಿ ಅಲೆಗಳು ಪೂರ್ಣ ಸಂಖ್ಯೆಯಲ್ಲಿ ಕೂರಬೇಕು. 128ರ ಮೆಟ್ಟಿಲಲ್ಲಿ ಹುಡುಕಿ ಹೊಂದಿಸುವುದು ಕಷ್ಟ. ತಿರುಗಿಸಿ ಯೋಚಿಸಿದರೆ ಸುಲಭ: ಡಿ ಶಾರ್ಪ್ ಶ್ರುತಿ 155.56 ಹರ್ಟ್ಸ್. ಅದರ 64 ಪಟ್ಟು 9956. ರೆಕಾರ್ಡ್ ಕ್ಲಾಕನ್ನು 9956ಕ್ಕೆ ಇಟ್ಟರೆ ಒಂದು ಅಲೆಗೆ ಸರಿಯಾಗಿ 64 ಸ್ಯಾಂಪಲ್, ಒಂದು ಮೆಟ್ಟಿಲಿಗೆ ಎರಡು ಅಲೆ. ಆ ಶ್ರುತಿಯಲ್ಲಿ ಅಲುಗದೆ ಹಾಡಿದ ‘ಆ’ ಡಿಪ್ ಸ್ವಿಚ್ ಎಲ್ಲಿಟ್ಟರೂ ಬಹುಮಟ್ಟಿಗೆ ಹೊಲಿಗೆ ಕಾಣದಂತೆ ಸುತ್ತುತ್ತದೆ.

ಹಂತ 8: ತಂತಿ ಕಿತ್ತು ಕೇಳುವುದು

ಮೊದಲು ಬಿಟ್. ಲ್ಯಾಚಿನ ಕೆಳಗಿನ ಎರಡು ಇನ್‌ಪುಟ್‌ಗಳನ್ನು ರ‍್ಯಾಮಿನಿಂದ ಬಿಡಿಸಿ ನೆಲಕ್ಕೆ ಕಟ್ಟಿದರೆ 6 ಬಿಟ್. ಮೃದಂಗದ ಹೊಡೆತಕ್ಕೆ ಹೆಚ್ಚೇನೂ ಆಗುವುದಿಲ್ಲ, ಗಂಟೆಯ ನಾದದ ಬಾಲ ಮಾತ್ರ ಗುಯ್‌ಗುಡುತ್ತಾ ಹೋಗಿ ಒಮ್ಮೆಲೇ ಸಾಯುತ್ತದೆ. 8 ಬಿಟ್ಟಿನಲ್ಲೂ ಇದೇ ಸ್ವಭಾವ, ಸ್ವಲ್ಪ ಮೆಲ್ಲಗೆ. ಆ ಯಂತ್ರಗಳಲ್ಲಿ ಗಟ್ಟಿಯಾಗಿ ಶುರುವಾಗಿ ಬೇಗ ಮುಗಿಯುವ ಸದ್ದುಗಳೇ ಚೆನ್ನಾಗಿ ಕೇಳಿದ್ದಕ್ಕೆ ಇದು ಒಂದು ಕಾರಣ.

ಇನ್ನೊಂದು ಕಾರಣ ಮೆಮೊರಿ. ಇಲ್ಲಿ 32,768 ಸ್ಯಾಂಪಲ್ 10,000 ಹರ್ಟ್ಸಿನಲ್ಲಿ 3.28 ಸೆಕೆಂಡ್. ಫೇರ್‌ಲೈಟಿನ 16 ಕಿಲೋಬೈಟನ್ನು 24 ಕಿಲೋಹರ್ಟ್ಸಿನಲ್ಲಿ ತುಂಬಿದರೆ 0.68 ಸೆಕೆಂಡ್. ಅಷ್ಟರಲ್ಲಿ ಹಿಡಿಯುವುದು ಒಂದು ಹೊಡೆತ, ಒಂದು ಉಸಿರು, ಗಾಜು ಒಡೆದ ಸದ್ದು. ಸ್ಟ್ರಾವಿನ್‌ಸ್ಕಿಯ ಬ್ಯಾಲೆಯೊಂದರಿಂದ ತೆಗೆದ ವಾದ್ಯವೃಂದದ ಒಂದೇ ಒಂದು ಹೊಡೆತ ಫೇರ್‌ಲೈಟ್ ಡಿಸ್ಕಿನಲ್ಲಿ ಬಂದು 80ರ ದಶಕದ ಪಾಪ್ ಮತ್ತು ಹಿಪ್‌ಹಾಪ್ ತುಂಬ ಕೇಳಿಸಿತು. ಡಿಪ್ ಸ್ವಿಚ್ಚಿನಲ್ಲಿ ಉದ್ದವನ್ನು 0.68ಕ್ಕೆ ಕತ್ತರಿಸಿ ಯಾವುದಾದರೂ ರಾಗದ ತುಣುಕು ಹಿಡಿದು ನೋಡಿ. ಆಲಾಪನೆಗೆ ಜಾಗವೇ ಇಲ್ಲ, ಕೈ ತಾನಾಗಿಯೇ ತಾಳದ ಕಡೆ ತಿರುಗುತ್ತದೆ.

ಮೂರನೆಯದು ಕ್ಲಾಕ್. ಮೇಲಿನ ಅಷ್ಟಮದಲ್ಲಿ 3.28 ಸೆಕೆಂಡ್ 1.64 ಆಗುತ್ತದೆ, ಗಂಡಸಿನ ದನಿ ಚಿಕ್ಕ ಮಗುವಿನದಾಗುತ್ತದೆ. ಎನ್ಸೋನಿಕ್ ಮಿರಾಜಿನಂಥ ಯಂತ್ರಗಳು ಕೀಲಿಮಣೆಯನ್ನು ಭಾಗ ಮಾಡಿ ಪ್ರತಿ ಭಾಗಕ್ಕೂ ಬೇರೆ ಸ್ಯಾಂಪಲ್ ಹಾಕಿದ್ದು ಇದನ್ನು ಮರೆಮಾಡಲಿಕ್ಕೆ.

ಕೆಳಕ್ಕೆ ಎಳೆದಾಗ ನನ್ನ ಕಿವಿಗೆ ಅತಿ ಹೆಚ್ಚು ಹಿಡಿಸಿದ್ದು ಸಿಕ್ಕಿತು. 1987ರ ಡ್ರಮ್ ಸ್ಯಾಂಪ್ಲರ್ ಇ-ಮ್ಯು ಎಸ್‌ಪಿ-1200ರಲ್ಲಿ ಒಟ್ಟು ಜಾಗ 10 ಸೆಕೆಂಡ್ ಮಾತ್ರ. ಹಿಪ್‌ಹಾಪ್ ಮಾಡುವವರು ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45ರ ವೇಗದಲ್ಲಿ ಓಡಿಸಿ ಸ್ಯಾಂಪಲ್ ಮಾಡಿಕೊಂಡು, ಒಳಗೆ ಮತ್ತೆ ಕೆಳಕ್ಕೆ ಇಳಿಸಿ ಜಾಗ ಉಳಿಸುತ್ತಿದ್ದರು. ಇಲ್ಲಿ ಅದಕ್ಕೆ ಕ್ಲಾಕಿನ 1 ನ್ಯಾನೋಫ್ಯಾರಡಿಗೆ ಸಮಾಂತರವಾಗಿ ಸ್ವಿಚ್ಚಿನೊಂದಿಗೆ 330 ಪಿಕೋಫ್ಯಾರಡ್ ಹಾಕಿ. ಫೋನಿನಲ್ಲಿ ಹಾಡಿನ ಡ್ರಮ್ಮನ್ನು 1.33 ಪಟ್ಟು ವೇಗ, ಸ್ವರವೂ ಏರುವಂತೆ ಓಡಿಸಿ ರೆಕಾರ್ಡ್ ಮಾಡಿ, ಸ್ವಿಚ್ ಹಾಕಿ ಕೆಳಗಿನ ಗುಂಡಿ ಒತ್ತಿ. ವೇಗ ಮೊದಲಿನದಕ್ಕೆ ಮರಳುತ್ತದೆ, ಕ್ಲಾಕ್ 7.5 ಕಿಲೋಹರ್ಟ್ಸಿಗೆ ಇಳಿದಿರುತ್ತದೆ, ಅದರ ಪ್ರತಿಬಿಂಬಗಳು (ಕ್ಲಾಕಿನಿಂದ ಹುಟ್ಟುವ ಮೇಲಿನ ನಕಲು ಸದ್ದುಗಳು) ಏಣಿಯ ಮುಂದಿನ ಔಟ್‌ಪುಟ್ ಫಿಲ್ಟರಿನ ಕೆಳಗೆ ನುಸುಳಿ ಡ್ರಮ್ಮಿನ ಮೇಲೆ ಮರಳಿನಂಥ ಪದರ ಕೂರುತ್ತದೆ. ಔಟ್‌ಪುಟ್ ಫಿಲ್ಟರನ್ನು 5 ಕಿಲೋಹರ್ಟ್ಸಿಗೆ ಇಟ್ಟಿದ್ದು ಇದು ಕೇಳಲೆಂದೇ.

ಇದೇ ಬೋರ್ಡನ್ನು 8 ದನಿಗೆ ಹಿಗ್ಗಿಸುವ ಯೋಚನೆ ಬಂದರೆ ಲೆಕ್ಕ ನೋಡಿ: ಎಡಿಸಿ ಒಂದೇ ಸಾಕು, ಆದರೆ ರ‍್ಯಾಮ್, ಎರಡು ಕೌಂಟರ್, ಲ್ಯಾಚ್, ಏಣಿ, ಕ್ಲಾಕ್, ಫಿಲ್ಟರ್ ಎಲ್ಲವೂ ಎಂಟೆಂಟು. 1981ರ ಇ-ಮ್ಯು ಎಮ್ಯುಲೇಟರ್ ಎಲ್ಲ ದನಿಗಳಿಗೂ ಒಂದೇ ಮೆಮೊರಿ ಹಂಚಿ ಈ ಖರ್ಚು ತಗ್ಗಿಸಿತು. ಕಾಮಡೋರ್ 64 ಮನೆ ಕಂಪ್ಯೂಟರಿನ ಸದ್ದಿನ ಚಿಪ್ ಸಿಡ್ ಮಾಡಿದ್ದ ಬಾಬ್ ಯಾನಸ್ ಎನ್ಸೋನಿಕ್ ಕಂಪನಿಗೆ 32 ಆಸಿಲೇಟರ್‌ಗಳನ್ನು 5503 ಎಂಬ ಒಂದೇ ಚಿಪ್ಪಿನೊಳಗೆ ಇಟ್ಟರು. ಅದರಿಂದಲೇ 8 ದನಿಯ ಮಿರಾಜ್ 1,695 ಡಾಲರಿಗೆ ಮಾರಾಟವಾಯಿತು, ಸ್ಯಾಂಪ್ಲರ್ ದೊಡ್ಡ ಸ್ಟುಡಿಯೋ ಬಿಟ್ಟು ಮನೆಗೆ ಬಂತು.

ಹಂತ 9: ಪವರ್ ತೆಗೆದರೂ ಉಳಿಯಲು

62256 2 ವೋಲ್ಟ್ ಇದ್ದರೂ ಅಂಕಿ ಹಿಡಿದಿರುತ್ತದೆ. ಕಡಿಮೆ ಪವರಿನ ‘ಎಲ್’ ಗುರುತಿನ ಚಿಪ್ ಕೊಳ್ಳಿ. 5 ವೋಲ್ಟಿನಿಂದ 1ಎನ್5819 ಡಯೋಡ್, ಸಿಆರ್2032 ಸೆಲ್ಲಿನಿಂದ 1ಎನ್4148, ಎರಡೂ ರ‍್ಯಾಮಿನ 28ನೇ ಕಾಲಿಗೆ. ಸೆಲ್ಲಿನ ಕಡೆಗೂ 1ಎನ್5819 ಹಾಕಬಾರದು, ಅದರ ಹಿಮ್ಮುಖ ಸೋರಿಕೆ ಸೆಲ್ಲನ್ನು ಚಾರ್ಜ್ ಮಾಡುತ್ತದೆ.

ರ‍್ಯಾಮನ್ನು ಆಯ್ಕೆ ಮಾಡುವ 20ನೇ ಕಾಲನ್ನು 10ಕೆಯಿಂದ 28ನೇ ಕಾಲಿಗೆ ಎತ್ತಿ ಕಟ್ಟಿ, ಬಿಸಿ547 ಟ್ರಾನ್ಸಿಸ್ಟರಿನಿಂದ ಕೆಳಗೆಳೆಯಬೇಕು. ಬೇಸಿಗೆ 5 ವೋಲ್ಟಿನಿಂದ ಬರೀ ರೆಸಿಸ್ಟರ್ ಕೊಟ್ಟರೆ ಪವರ್ ತೆಗೆಯುವಾಗ ವೋಲ್ಟೇಜ್ ಇಳಿಯುತ್ತಾ ಬಂದು ಲಾಜಿಕ್ ಚಿಪ್‌ಗಳು ತಪ್ಪಾಗಿ ಬರೆಯುತ್ತವೆ. ಶುರುವಿನ ಕೆಲವು ಅಂಕಿ ಹಾಳಾಗುತ್ತವೆ. 4.7ಕೆ ಜೊತೆ 3.9 ವೋಲ್ಟಿನ ಝೀನರ್ ಸರಣಿಯಲ್ಲಿ ಹಾಕಿದರೆ 4.5 ವೋಲ್ಟಿನ ಸುಮಾರಿಗೇ ರ‍್ಯಾಮ್ ಬಾಗಿಲು ಮುಚ್ಚುತ್ತದೆ.

ಉಳಿದಿರುವ ಕೆಲಸ: ಗುಂಡಿ ಬಿಟ್ಟಾಗ ಲ್ಯಾಚ್ ಕೊನೆಯ ಅಂಕಿಯಲ್ಲೇ ನಿಂತು ಸ್ಪೀಕರಿನಲ್ಲಿ ಟಪ್ ಎನ್ನುತ್ತದೆ. ಎಲ್‌ಇಡಿ ಮತ್ತು ಎಲ್‌ಡಿಆರ್ (ಬೆಳಕಿಗೆ ರೋಧ ಬದಲಾಗುವ ಬಿಡಿಭಾಗ) ಒಂದು ಕೊಳವೆಯಲ್ಲಿಟ್ಟು ಮಾಡಿದ ಪ್ರಯತ್ನ ಅದನ್ನು ತಗ್ಗಿಸಿತು, ತೆಗೆಯಲಿಲ್ಲ. ಲ್ಯಾಚ್ ನಿಂತ ಮೇಲೆ ಬಾಗಿಲು ಮುಚ್ಚಿ ಪ್ರಯೋಜನ ಕಡಿಮೆ. ಗುಂಡಿ ಬಿಟ್ಟ ಮೇಲೂ ಕ್ಲಾಕ್ ಸ್ವಲ್ಪ ಹೊತ್ತು ಓಡುತ್ತಾ ದನಿ ಇಳಿಯಬೇಕು. ಅದಕ್ಕೆ ಕೊನೆಯ ಸ್ವರದ ವೇಗ ನೆನಪಿಡುವ ಬೇರೆ ಬಗೆಯ ಕ್ಲಾಕ್ ಬೇಕು, ಎಲ್‌ಎಂ13700 ಹಾಕಿದ ವಿಸಿಎ (ವೋಲ್ಟೇಜಿನಿಂದ ದನಿಯ ಮಟ್ಟ ಬದಲಿಸುವ ಭಾಗ) ಬೇಕು, ಅದರ ಋಣ ವೋಲ್ಟೇಜಿಗೆ ಐಸಿಎಲ್7660. ಬೋರ್ಡಿನ ಬಲ ತುದಿಯಲ್ಲಿ ಅಷ್ಟಕ್ಕೆ ಜಾಗ ಬಿಟ್ಟಿದೆ.